ಇಪ್ಪತ್ನಾಲ್ಕರಲ್ಲಿ ಮೂರೇ ಸಾಕಿತ್ತು

ಬೆಳಗ್ಗೆ ಎಂಟೂ ಇಪ್ಪತ್ತು. ಒಂಬತ್ತೂವರೆಗೆ ನಾಲ್ಕನೇ ಸೆಮಿಸ್ಟರ್ ಪರೀಕ್ಷೆ. ಲೇಡೀಸ್ ಹಾಸ್ಟೆಲಿನ ಎರಡನೇ ಮಹಡಿಯಲ್ಲಿ ನಮ್ಮದೇ ರೂಮಿನ ಬಾಗಿಲ ಮುಂದೆ ಮಂಡಿಯೂರಿ ಕೂತಿದ್ದೆ. ಸುತ್ತ ನಾಲ್ಕು ಜನ ಗೆಳತಿಯರು. ಬಾಗಿಲಿಗೆ ಹಾಕಿದ್ದ ಹಿತ್ತಾಳೆ ಬೀಗದ ಕೀ ನನ್ನ ಬ್ಯಾಗಿನಲ್ಲೇ ಇತ್ತು. ಆದರೆ ಅದನ್ನು ತೂರಿಸುವ ಜಾಗದಲ್ಲಿ ಉಕ್ಕಿನ ಚೂರೊಂದು ಮುರಿದುಕೊಂಡು ಕೂತಿತ್ತು. ಮುರಿದವಳು ನಾನೇ. ಒಳಗೆ ಮೇಜಿನ ಮೇಲೆ ನನ್ನ ರೂಮ್‌ಮೇಟ್‌ನ ಹಾಲ್ ಟಿಕೆಟ್ ಇತ್ತು.

ಮೆಸ್ಸಿನಲ್ಲಿ ತಿಂಡಿ ಮುಗಿಸಿ ಬಂದವಳು ಸುಮ್ಮನೆ ಕೀ ತಿರುಗಿಸಿ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ‘ಕೀ ಇಲ್ದೆ ತೆಗೀತೀನಿ, ನೋಡ್ರೇ’ ಅಂತ ಪೌಚಿನಿಂದ ತೆಳ್ಳನೆ ಕಡ್ಡಿಯೊಂದನ್ನು ತೆಗೆದೆ. ಆನ್‌ಲೈನಿನಲ್ಲಿ 799 ರೂಪಾಯಿ ಕೊಟ್ಟು ತರಿಸಿದ್ದ 24 ಸಾಮಾನುಗಳ ಲಾಕ್‌ಪಿಕ್ ಸೆಟ್ ಅದು. ಅರ್ಧ ನಿಮಿಷ ಅಲ್ಲಾಡಿಸಿದೆ. ‘ಟಕ್’ ಅಂತ ಸದ್ದು ಬಂತು. ಗೆಳತಿಯರು ಚಪ್ಪಾಳೆ ತಟ್ಟಿದರು. ಅದು ಬೀಗ ತೆರೆದ ಸದ್ದಲ್ಲ ಅಂತ ನನಗೆ ಮಾತ್ರ ಗೊತ್ತಾಗಿತ್ತು.

ಹಾಸ್ಟೆಲ್ ವಾಚ್‌ಮನ್ ಅಂಕಲ್ ಎಲ್ಲಿಂದಲೋ ಆಕ್ಸಾ ಬ್ಲೇಡ್ ತಂದು ಬೀಗದ ಕೊಂಡಿ ಕೊಯ್ಯಲು ಶುರುಮಾಡಿದರು. ಇಪ್ಪತ್ತೆರಡು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ನನ್ನ ರೂಮ್‌ಮೇಟ್ ಒಂದು ಮಾತೂ ಆಡಲಿಲ್ಲ. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಮೂರನೇ ಮಾಡ್ಯೂಲಿನ ಫಾರ್ಮುಲಾಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಒಂಬತ್ತೂ ಇಪ್ಪತ್ತೈದಕ್ಕೆ ಓಡಿಕೊಂಡು ಹಾಲ್ ಸೇರಿದೆವು. ಆಮೇಲೆ ಐದು ದಿನ ನಮ್ಮ ರೂಮಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದುತ್ತಿರುವವಳು, ಈಗ ಐದನೇ ಸೆಮಿಸ್ಟರ್. ಬೀಗ ಬಿಚ್ಚುವುದು ನನ್ನ ಹವ್ಯಾಸ. ಹೀಗೆ ಹೇಳಿದ ತಕ್ಷಣ ಕೇಳಿದವರು ತಮ್ಮ ಪರ್ಸ್ ಮುಟ್ಟಿ ನೋಡಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ. ಹೊರದೇಶಗಳಲ್ಲಿ ಇದಕ್ಕೆ ಲಾಕ್‌ಸ್ಪೋರ್ಟ್ ಅನ್ನುತ್ತಾರೆ, ಕ್ಲಬ್ಬುಗಳಿವೆ, ಸ್ಪರ್ಧೆಗಳಿವೆ. ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆಯುವ ಡೆಫ್‌ಕಾನ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಇದಕ್ಕೆಂದೇ ಒಂದು ವಿಭಾಗ ಇರುತ್ತದೆ. ನಮ್ಮಲ್ಲಿ ಯೂಟ್ಯೂಬ್ ನೋಡಿ, ಆಸೆ ಹುಟ್ಟಿ, ಆನ್‌ಲೈನಿನಲ್ಲಿ ಹುಡುಕುವವರೇ ಹೆಚ್ಚು. ಹುಡುಕಿದವರಿಗೆ ಮೊದಲು ಕಾಣುವುದು ನಾನು ಕೊಂಡಂಥದ್ದೇ ಸೆಟ್. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಜ್ಜಿಯ ಪೆಟ್ಟಿಗೆ

ಹುಚ್ಚು ಹಿಡಿದಿದ್ದು ಪಿಯುಸಿ ರಜೆಯಲ್ಲಿ. ಹೊಸದುರ್ಗದ ಹತ್ತಿರದ ನಮ್ಮೂರಲ್ಲಿ ಅಜ್ಜಿಯ ಮರದ ಪೆಟ್ಟಿಗೆಯ ಕೀ ಕಳೆದಿತ್ತು. ಒಳಗೆ ಜಮೀನಿನ ಕಾಗದ. ಅಪ್ಪ ಸುತ್ತಿಗೆ ತಗೊಂಡು ನಿಂತಿದ್ದರು. ‘ಬೀಗ ಒಡೆದ್ರೆ ಪೆಟ್ಟಿಗೇನೂ ಹೋಗುತ್ತೆ, ಅದು ನನ್ ತವರಿಂದ ಬಂದಿದ್ದು’ ಅಂತ ಅಜ್ಜಿ ಅಡ್ಡ ನಿಂತರು. ಕೊನೆಗೆ ಪೇಟೆಯಿಂದ ಕೀ ರಿಪೇರಿಯವರನ್ನು ಕರೆಸಿದರು. ಅವರು ಬಗ್ಗಿಸಿದ ಎರಡು ತಂತಿ ತೂರಿಸಿ, ಕಣ್ಣನ್ನು ಎತ್ತಲೋ ಇಟ್ಟುಕೊಂಡು, ಮಗುವಿನ ಕಿವಿ ಹಿಂಡಿದಷ್ಟು ಮೆತ್ತಗೆ ತಿರುಗಿಸಿದರು. ಬೀಗ ಬಾಯಿಬಿಟ್ಟಿತು. ಒಂದು ಗೀರೂ ಆಗಿರಲಿಲ್ಲ. ಅಜ್ಜಿ ಪೆಟ್ಟಿಗೆಗೆ ಹೊಸ ಬೀಗ ಹಾಕಿ ಹಳೆಯದನ್ನು ನನಗೆ ಕೊಟ್ಟರು. ಕೊಂಡಿ ಒತ್ತಿದರೆ ಸಾಕು, ಮುಚ್ಚಿಕೊಳ್ಳುವ ಬೀಗ ಅದು. ನಾನು ಅವತ್ತೇ ಒತ್ತಿಬಿಟ್ಟೆ. ಕೀ ಇಲ್ಲದ, ಮುಚ್ಚಿದ ಬೀಗ.

ಮೂರನೇ ಸೆಮಿಸ್ಟರ್ ಮುಗಿದಾಗ ಸೆಟ್ ತರಿಸಿದೆ. ಕಪ್ಪು ಪೌಚು, 24 ಸಾಮಾನು, ಜೊತೆಗೆ ಒಳಗಿನ ಪಿನ್ನುಗಳೆಲ್ಲ ಕಾಣುವ ಒಂದು ಪಾರದರ್ಶಕ ಬೀಗ. ಮೊದಲ ದಿನವೇ ಆ ಪಾರದರ್ಶಕ ಬೀಗ ತೆಗೆದೆ. ಎರಡನೇ ದಿನ ಹತ್ತು ಸಲ ತೆಗೆದೆ. ಮೂರನೇ ದಿನ ಕಣ್ಣು ಮುಚ್ಚಿಕೊಂಡು ತೆಗೆದೆ. ನಾಲ್ಕನೇ ದಿನ ಅಜ್ಜಿಯ ಬೀಗಕ್ಕೆ ಕೈ ಹಾಕಿದೆ. ಇವತ್ತಿನವರೆಗೂ ಅದು ತೆರೆದಿಲ್ಲ.

ಕಾರಣ ತಿಳಿಯಲು ತಿಂಗಳು ಹಿಡಿಯಿತು. ಅಂಗಡಿಯಲ್ಲಿ ಕೇಳುವವರು ಯಾರೂ ಇರಲಿಲ್ಲವಾದ್ದರಿಂದ, ನಿಮಗೆ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿರುವ ಬೀಗಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಕೀ ನೋಡಿದರೇ ಗೊತ್ತಾಗುತ್ತದೆ. ಉದ್ದ ಕಡ್ಡಿಯ ತುದಿಯಲ್ಲಿ ಬಾವುಟದ ಹಾಗೆ ಹಲ್ಲು ಇದ್ದರೆ ಅದು ಲಿವರ್ ಬೀಗ. ಒಳಗೆ ತಗಡಿನ ಪಟ್ಟಿಗಳಿರುತ್ತವೆ, ಕೀ ತಿರುಗುವಾಗ ಒಂದೊಂದು ಪಟ್ಟಿಯನ್ನೂ ಇಷ್ಟೇ ಎತ್ತರಕ್ಕೆ ಅಂತ ಎತ್ತುತ್ತದೆ. ‘6 ಲಿವರ್’, ‘7 ಲಿವರ್’ ಅಂತ ಬೀಗದ ಮೇಲೆ ಅಚ್ಚು ಹಾಕಿರುವುದು ಈ ಪಟ್ಟಿಗಳ ಲೆಕ್ಕ. ನಮ್ಮೂರುಗಳ ದಪ್ಪ ಬೀಗಗಳು, ಅಲೀಗಢದಿಂದ ಬರುವ ಬೀಗಗಳಲ್ಲಿ ಎಷ್ಟೋ ಈ ಜಾತಿಯವು. ಇನ್ನೊಂದು, ಚಪ್ಪಟೆ ಕೀಯ ಅಂಚಿನಲ್ಲಿ ಗರಗಸದ ಹಲ್ಲಿನಂತೆ ಏರಿಳಿತ ಇರುವುದು. ಅದು ಪಿನ್ ಟಂಬ್ಲರ್. ಸಣ್ಣ ಹಿತ್ತಾಳೆ ಬೀಗ, ಬಾಗಿಲಲ್ಲೇ ಕೂರಿಸಿದ ಸಿಲಿಂಡರ್ ಬೀಗಗಳಲ್ಲಿ ಇದೇ ಹೆಚ್ಚು. ಯೂಟ್ಯೂಬಿನಲ್ಲಿ ತೋರಿಸುವುದು, ಆನ್‌ಲೈನಿನಲ್ಲಿ ಸಿಗುವ ಸೆಟ್ಟುಗಳೆಲ್ಲ ತಯಾರಾಗಿರುವುದು ಈ ಎರಡನೇ ಜಾತಿಗೆ. ಸೆಟ್ ಆರಿಸುವ ಮೊದಲು ನೀವು ಆರಿಸಬೇಕಾದ್ದು ಬೀಗ. ನಾನು ಸ್ಪ್ಯಾನರ್ ಹಿಡಿದು ಸ್ಕ್ರೂ ಬಿಚ್ಚಲು ಕೂತಿದ್ದೆ.

ಪಿನ್ ಟಂಬ್ಲರ್ ಬೀಗದ ಒಳಗಿನ ಕತೆ ಸರಳ. ಕೀ ಹೋಗುವ ಒಂದು ಉರುಳೆ ಇದೆ, ಅದರ ಸುತ್ತ ಗಟ್ಟಿ ಕವಚ. ಎರಡನ್ನೂ ದಾಟಿ ಮೇಲಿಂದ ಕೆಳಗೆ ಐದು ತೂತು. ಪ್ರತಿ ತೂತಿನಲ್ಲೂ ಒಂದರ ಮೇಲೊಂದು ಎರಡು ಪಿನ್ನು, ಅದರ ಮೇಲೊಂದು ಸ್ಪ್ರಿಂಗು. ಮೇಲಿನ ಪಿನ್ನು ಉರುಳೆಯೊಳಕ್ಕೂ ಇಳಿದಿರುವ ತನಕ ಉರುಳೆ ತಿರುಗದು. ಸರಿಯಾದ ಕೀ ಹಾಕಿದಾಗ ಐದೂ ಜೋಡಿಗಳು ಎರಡು ಪಿನ್ನು ಕೂಡುವ ಗೆರೆ ಉರುಳೆಯ ಅಂಚಿಗೆ ಬರುವಷ್ಟೇ ಏರುತ್ತವೆ, ಉರುಳೆ ತಿರುಗುತ್ತದೆ. ಲೈನಸ್ ಯೇಲ್ ಜೂನಿಯರ್ ಎಂಬ ಅಮೆರಿಕನ್ 1861ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದಕ್ಕೆ ಮೂಲ. ಪಿನ್ನು ಬೀಳುವ ಮರದ ಬೀಗ ಅದಕ್ಕೂ ಎಷ್ಟೋ ಹಿಂದೆ, ಪ್ರಾಚೀನ ಈಜಿಪ್ಟಿನಲ್ಲೇ ಇತ್ತು.

ಒಂದೊಂದು ಪಿನ್ನಿಗೆ ಆರು ಎತ್ತರ ಅಂತಿಟ್ಟುಕೊಂಡರೂ ಐದು ಪಿನ್ನಿಗೆ ಆರರ ಐದನೇ ಘಾತ, 7,776 ಬಗೆಯ ಕೀ. ಹಾಗಾದರೆ ಎರಡು ಕಡ್ಡಿಯಿಂದ ತೆರೆಯುವುದು ಹೇಗೆ? ಇಲ್ಲೇ ನನಗೆ ಮೆಟ್ರಾಲಜಿ ಕ್ಲಾಸು ನೆನಪಾಗಿದ್ದು. ಟಾಲರೆನ್ಸ್, ಫಿಟ್ಸ್ ಅಂತ ಬೋರ್ಡಿನ ಮೇಲೆ ಬರೆಯುವಾಗ ನಾನು ಕೊನೆ ಬೆಂಚಿನಲ್ಲಿ ಆಕಳಿಸುತ್ತಿದ್ದೆ. ಯಾವ ಕಾರ್ಖಾನೆಯೂ ಐದು ತೂತನ್ನು ಒಂದೇ ಗೆರೆಯಲ್ಲಿ, ಒಂದೇ ಅಳತೆಯಲ್ಲಿ ಕೊರೆಯಲಾರದು. ಕೂದಲೆಳೆಯಷ್ಟಾದರೂ ಆಚೀಚೆ ಆಗಿಯೇ ಇರುತ್ತದೆ. ಹಾಗಾಗಿ ಉರುಳೆಯನ್ನು ಮೆತ್ತಗೆ ತಿರುಗಿಸಿ ಹಿಡಿದರೆ ಐದೂ ಪಿನ್ನು ಒಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲ. ಒಂದು ಮಾತ್ರ ಬಿಗಿಯಾಗುತ್ತದೆ. ಅದನ್ನು ಹುಡುಕಿ ಎತ್ತಿದರೆ ಉರುಳೆ ಒಂದು ಚೂರು ಜರುಗಿ ಮೇಲಿನ ಪಿನ್ನನ್ನು ಅಲ್ಲೇ ತಡೆದು ನಿಲ್ಲಿಸುತ್ತದೆ. ಆಮೇಲೆ ಇನ್ನೊಂದು ಬಿಗಿಯಾಗುತ್ತದೆ. 7,776 ಬಗೆ ಹುಡುಕುವ ಕೆಲಸ ಐದು ಸಣ್ಣ ಕೆಲಸವಾಗಿ ಒಡೆಯುತ್ತದೆ. ಟಾಲರೆನ್ಸ್ ಅಂದರೆ ಏನು ಅಂತ ಇವತ್ತು ಯಾರಾದರೂ ಕೇಳಿದರೆ ನನ್ನ ಬೆರಳು ಮೊದಲು ಉತ್ತರ ಹೇಳುತ್ತದೆ.

ಪಾರದರ್ಶಕ ಬೀಗ ಮೋಸ ಮಾಡುವುದೂ ಇದೇ ಕಾರಣಕ್ಕೆ. ಅದರ ತೂತುಗಳು ಸಡಿಲ, ಪಿನ್ನು ಹೇಗೆ ಎತ್ತಿದರೂ ಕೂರುತ್ತದೆ. ಒಳಗೆ ಏನಾಗುತ್ತದೆ ಅಂತ ಒಂದು ಸಂಜೆ ನೋಡಿ ತಿಳಿಯಲು ಚೆನ್ನ. ಅದರಲ್ಲೇ ಅಭ್ಯಾಸ ಮಾಡಿದರೆ ಕಣ್ಣು ಕಲಿಯುತ್ತದೆ, ಕೈ ಕಲಿಯುವುದಿಲ್ಲ.

ಚಾಚಾ ತೆಗೆದಿಟ್ಟ ಮೂರು

ಪರೀಕ್ಷೆ ಮುಗಿದ ಮೇಲೆ ಕೊಂಡಿ ಕೊಯ್ದ ಬೀಗವನ್ನು ಹಿಡಿದುಕೊಂಡು ಪೇಟೆಯಲ್ಲಿ ದೊಡ್ಡ ಕೊಡೆಯ ಕೆಳಗೆ ಕೂರುವ ಕೀ ರಿಪೇರಿ ಚಾಚಾ ಹತ್ತಿರ ಹೋದೆ. ಒಳಗಿನ ಚೂರು ತೆಗೆಸಬೇಕಿತ್ತು. ಎರಡು ನಿಮಿಷದಲ್ಲಿ ತೆಗೆದು ಅಂಗೈ ಮೇಲಿಟ್ಟು ನೋಡಿದರು. ‘ಇದೇನ್ ಬೇಟಾ, ಡಬ್ಬಿ ತಗಡಾ?’

ನನ್ನ ಪೌಚು ಬಿಚ್ಚಿ ತೋರಿಸಿದೆ. ಒಂದೊಂದನ್ನೇ ಬಗ್ಗಿಸಿ ನೋಡಿದರು. ಕೆಲವು ಬಗ್ಗಿದ ಹಾಗೇ ಉಳಿದವು. ಎರಡು ಅಲ್ಲೇ ಮುರಿದವು. ‘ಇಷ್ಟೊಂದು ಯಾಕ್ ತಗಂಡೆ? ಕೈ ಎರಡೇ ಅಲ್ವಾ ಇರೋದು’ ಅಂತ ನಕ್ಕು, ಮೂರನ್ನು ಪಕ್ಕಕ್ಕೆ ತೆಗೆದಿಟ್ಟರು. ತುದಿ ಸ್ವಲ್ಪವೇ ಮೇಲಕ್ಕೆ ಬಾಗಿದ ಒಂದು ಕೊಕ್ಕೆ, ಅಲೆಅಲೆಯಾಗಿರುವ ಒಂದು ಕಡ್ಡಿ, ತಿರುಗಿಸಿ ಹಿಡಿಯಲು ಒಂದು ಪಟ್ಟಿ. ‘ಇದು ಬಿಟ್ರೆ ಉಳಿದಿದ್ದು ತೂಕಕ್ಕೆ ಹಾಕು.’

ತಮಾಷೆ ಅಂದರೆ ಚಾಚಾ ಇವ್ಯಾವನ್ನೂ ಬಳಸುವುದಿಲ್ಲ. ಹಲ್ಲಿಲ್ಲದ ಖಾಲಿ ಕೀಯನ್ನು ಬೀಗಕ್ಕೆ ಹಾಕಿ ಬಿಗಿಯಾಗಿ ತಿರುಗಿಸಿ, ಹೊರತೆಗೆದು ಬೆಳಕಿಗೆ ಹಿಡಿಯುತ್ತಾರೆ. ಪಿನ್ನು ಒತ್ತಿದ ಕಡೆ ಸೂಜಿಮೊನೆಯಷ್ಟು ಗುರುತು ಬಿದ್ದಿರುತ್ತದೆ. ಅಲ್ಲಿ ಅರದಿಂದ ಒಂದೆರಡು ಸಲ ಉಜ್ಜಿ ಮತ್ತೆ ಹಾಕುತ್ತಾರೆ. ಹೀಗೇ ಹತ್ತು ಹದಿನೈದು ಸಲ ಮಾಡುವಷ್ಟರಲ್ಲಿ ಬೀಗವೂ ತೆರೆದಿರುತ್ತದೆ, ಹೊಸ ಕೀಯೂ ತಯಾರಾಗಿರುತ್ತದೆ. ನಾನು ಕೂತಿದ್ದ ಅರ್ಧ ಗಂಟೆಯಲ್ಲಿ ಒಬ್ಬರು ಬಂದು ‘ಮನೆ ಬೀಗ ತೆಗೀಬೇಕಿತ್ತು, ಅರ್ಜೆಂಟು’ ಅಂದರು. ಚಾಚಾ ಕೇಳಿದ ಮೊದಲ ಪ್ರಶ್ನೆ ರೇಟಿನದ್ದಲ್ಲ. ‘ಮನೆ ಯಾರ್ದು? ಪಕ್ಕದ ಮನೆಯವರು ಇರ್ತಾರಾ?’ ಬಂದವರಿಗೆ ಸಿಟ್ಟು ಬಂತು. ಚಾಚಾ ಏಳಲಿಲ್ಲ.

ಅವರು ತೆಗೆದಿಟ್ಟ ಮೂರನ್ನೂ ಆಮೇಲೆ ನಾನು ಓದಿ, ಮಾಡಿ ನೋಡಿದ್ದನ್ನೂ ಸೇರಿಸಿ ಹೇಳುವುದಾದರೆ, ಮೊದಲ ಸೆಟ್ಟಿನಲ್ಲಿ ಬೇಕಾದ್ದು ಬಹಳ ಕಡಿಮೆ. ಒಂದು ಶಾರ್ಟ್ ಹುಕ್, ಅಂದರೆ ಚಾಚಾ ಆರಿಸಿದ ಕೊಕ್ಕೆ. ಒಂದೊಂದೇ ಪಿನ್ನನ್ನು ಹುಡುಕಿ ಎತ್ತುವುದು ಇದರಲ್ಲೇ. ಸ್ವಲ್ಪ ಉದ್ದ ಕೊಕ್ಕಿನ ಇನ್ನೊಂದು ಇದ್ದರೆ ಎತ್ತರದ ಪಿನ್ನಿನ ಹಿಂದೆ ಅಡಗಿದ್ದನ್ನು ಮುಟ್ಟಬಹುದು. ಒಂದು ರೇಕ್, ಅಲೆಯಾಕಾರದ್ದು. ಅದನ್ನು ಹಿಂದೆ ಮುಂದೆ ಆಡಿಸಿದರೆ ಅಗ್ಗದ ಬೀಗ ಅದೃಷ್ಟದ ಮೇಲೆ ತೆರೆದುಕೊಳ್ಳುತ್ತದೆ. ಖುಷಿಗೆ ಒಳ್ಳೆಯದು, ಕಲಿಕೆಗೆ ಅಲ್ಲ. ಮೊದಲ ತಿಂಗಳು ರೇಕನ್ನು ಮನೆಯಲ್ಲಿ ಯಾರ ಕೈಗಾದರೂ ಕೊಟ್ಟು ಬಚ್ಚಿಡಿಸಿ.

ಎಲ್ಲರೂ ಎಡವುವುದು ಟೆನ್ಷನ್ ರೆಂಚ್ ವಿಷಯದಲ್ಲಿ. ಉರುಳೆಯನ್ನು ತಿರುಗಿಸಿ ಹಿಡಿಯುವ ಬಾಗಿದ ಪಟ್ಟಿ ಅದು. ನೋಡಲು ಏನೂ ಇಲ್ಲ. ನನ್ನ 24ರ ಸೆಟ್ಟಿನಲ್ಲಿ ಹತ್ತೊಂಬತ್ತು ಥರದ ಪಿಕ್ಕು, ಐದು ರೆಂಚು. ಐದೂ ಒಂದೇ ದಪ್ಪ. ಪಿಕ್ಕು ಕೇವಲ ಎತ್ತುತ್ತದೆ, ಬೀಗದ ಜೊತೆ ಮಾತಾಡುವುದು ರೆಂಚು ಹಿಡಿದ ಬೆರಳು. ಪಿನ್ನು ಕೂತಾಗಿನ ಆ ಸಣ್ಣ ‘ಟಿಕ್’ ಅಲ್ಲೇ ಗೊತ್ತಾಗುವುದು. ಅದು ಬೀಗದ ಬಾಯಲ್ಲಿ ಅಲ್ಲಾಡದೆ ಕೂರಬೇಕು, ಆದರೆ ಪಿಕ್ಕಿಗೆ ಜಾಗ ಬಿಡಬೇಕು. ಆದ್ದರಿಂದ ಬೇರೆ ಬೇರೆ ದಪ್ಪದ ಮೂರ್ನಾಲ್ಕು ಬೇಕು. ಕೀ ತೂತಿನ ಕೆಳ ಅಂಚಿಗೆ ಕೂರಿಸುವಂಥದ್ದೂ ಬೇಕು, ಮೇಲಂಚಿಗೆ ಸಿಕ್ಕಿಸುವ ಚಪ್ಪಟೆಯದ್ದೂ ಬೇಕು. ಸೆಟ್ಟಿನ ಫೋಟೊ ನೋಡುವಾಗ ಪಿಕ್ಕು ಎಣಿಸಬೇಡಿ, ರೆಂಚು ಎಣಿಸಿ.

ಇನ್ನು ದಪ್ಪ. ಪಿಕ್ಕಿನ ತಗಡು ಸಾಮಾನ್ಯವಾಗಿ 0.6 ಮಿಲಿಮೀಟರ್ ಆಸುಪಾಸು ಇರುತ್ತದೆ, ತೆಳ್ಳನೆಯದು 0.5 ಅಥವಾ ಅದಕ್ಕಿಂತ ಕಡಿಮೆ. ನಮ್ಮ ಸಣ್ಣ ಹಿತ್ತಾಳೆ ಬೀಗಗಳ ಬಾಯಿ ಇಕ್ಕಟ್ಟು. ದಪ್ಪನೆಯದು ಒಳಗೇ ಹೋಗುವುದಿಲ್ಲ, ಹೋದರೂ ಗೋಡೆಗೆ ಉಜ್ಜಿ ಪಿನ್ನಿನ ಸುದ್ದಿ ತಿಳಿಯುವುದಿಲ್ಲ. ಆದರೆ ತೆಳ್ಳನೆಯದು ಒಳ್ಳೆಯ ಸ್ಪ್ರಿಂಗ್ ಸ್ಟೀಲ್ ಅಥವಾ ಗಟ್ಟಿ ಸ್ಟೇನ್‌ಲೆಸ್ ಆಗಿರಲೇಬೇಕು. ಇಲ್ಲದಿದ್ದರೆ ನನ್ನ ಹಾಲ್ ಟಿಕೆಟ್ ಪುರಾಣ ನಿಮ್ಮದೂ ಆಗುತ್ತದೆ. ಹೊರದೇಶದ ಸ್ಪ್ಯಾರೋಸ್, ಪೀಟರ್ಸನ್, ಮಲ್ಟಿಪಿಕ್ ಇಂಥ ಹೆಸರುಗಳನ್ನು ಹವ್ಯಾಸಿಗಳು ಹೇಳುತ್ತಾರೆ. ತರಿಸುವ ಖರ್ಚು ನನ್ನ ಪಾಕೆಟ್ ಮನಿಗೆ ಎಟುಕಲಿಲ್ಲ. ಒಂದು ಮಾತು ಮಾತ್ರ ನಿಜ, ಅವರ ಸಣ್ಣ ಸೆಟ್ಟಿನಲ್ಲಿ ಏನೇನಿರುತ್ತದೆ ಅಂತ ನೋಡಿದರೂ ಸಾಕು, ಯಾವುದು ಬೇಕು ಯಾವುದು ಬೇಡ ಅಂತ ತಿಳಿಯುತ್ತದೆ.

ನಾನು ಮಾಡಿದ್ದು ಬೇರೆ. ಕಾಲೇಜು ವರ್ಕ್‌ಶಾಪಿನ ಇನ್‌ಸ್ಟ್ರಕ್ಟರ್ ಹತ್ತಿರ ಹೋಗಿ, ಏನು, ಏಕೆ ಎಲ್ಲ ಹೇಳಿ, ಒಪ್ಪಿಗೆ ಕೇಳಿದೆ. ಅವರು ಒಂದು ನಿಮಿಷ ನನ್ನ ಮುಖ ನೋಡಿ, ‘ಮಾಡು. ಆದ್ರೆ ನನ್ ಮುಂದೇನೇ ಮಾಡಬೇಕು’ ಅಂದರು. ಹಳೆಯ ಆಕ್ಸಾ ಬ್ಲೇಡಿನಿಂದ ಎರಡು ಕೊಕ್ಕೆ ಮಾಡಿದೆ. ಮೊದಲನೆಯದನ್ನು ಗ್ರೈಂಡರಿಗೆ ಒತ್ತಿ ಹಿಡಿದು ತುದಿ ನೀಲಿಯಾಗಿಸಿಬಿಟ್ಟೆ. ಬಣ್ಣ ಬಂತು ಅಂದರೆ ಕಾವಿಗೆ ಉಕ್ಕಿನ ಗಡಸುತನ ಇಳಿದಿದೆ ಅಂತ ಅರ್ಥ. ಅದು ಬೀಗದೊಳಗೆ ಬಗ್ಗುತ್ತದೆ. ಎರಡನೆಯದಕ್ಕೆ ಎರಡೆರಡು ಸೆಕೆಂಡ್ ಉಜ್ಜಿ ನೀರಿಗೆ ಅದ್ದುತ್ತಾ ಮಾಡಿದೆ, ಆಮೇಲೆ ಅಂಚುಗಳಿಗೆಲ್ಲ 400, 600, 1000 ನಂಬರಿನ ಎಮರಿ ಪೇಪರ್. ಅಂಚು ನುಣುಪಾದಷ್ಟೂ ಕೈಗೆ ತಿಳಿಯುವುದು ಹೆಚ್ಚು. ರೆಂಚಿಗೆ ಕಾರಿನ ವೈಪರ್ ಬ್ಲೇಡಿನೊಳಗಿರುವ ಸ್ಟೀಲ್ ಪಟ್ಟಿ ಹೇಳಿ ಮಾಡಿಸಿದಂತಿದೆ. ಗ್ಯಾರೇಜಿನಲ್ಲಿ ಬಿಸಾಡಿದ ವೈಪರ್ ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಒಟ್ಟು ಖರ್ಚು ಎಮರಿ ಪೇಪರಿನದ್ದು ಮಾತ್ರ. ಮೊದಲೇ ಇದು ತಿಳಿದಿದ್ದರೆ 799 ರೂಪಾಯಿಗೆ ಎಷ್ಟು ಬೆಣ್ಣೆ ದೋಸೆ ತಿನ್ನಬಹುದಿತ್ತು ಅಂತ ಲೆಕ್ಕ ಹಾಕುವುದನ್ನು ಈಗ ಬಿಟ್ಟಿದ್ದೇನೆ.

ಉಳಿಸಿದ ದುಡ್ಡನ್ನು ಬೀಗಕ್ಕೆ ಹಾಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಣ್ಣ ಪಿನ್ ಬೀಗ ಒಂದು. ಗುಜರಿಯಲ್ಲೋ ಬಾಗಿಲು ಕೂರಿಸುವ ಬಡಗಿಯ ಹತ್ತಿರವೋ ಹಳೆಯ ಬಾಗಿಲ ಸಿಲಿಂಡರ್ ಸಿಕ್ಕರೆ ಅದಕ್ಕಿಂತ ದೊಡ್ಡ ಗುರು ಇಲ್ಲ. ಅದನ್ನು ಬಿಚ್ಚಿ ಪಿನ್ನುಗಳನ್ನೆಲ್ಲ ಹೊರಗೆ ಹಾಕಿ. (ತಟ್ಟೆಯೊಳಗೆ ಬಿಚ್ಚಿ, ಸ್ಪ್ರಿಂಗು ಹಾರಿ ಮಂಚದ ಕೆಳಗೆ ಸೇರಿದರೆ ಸಿಗುವುದಿಲ್ಲ.) ಒಂದೇ ಜೋಡಿ ಪಿನ್ನು ಹಾಕಿ ಮುಚ್ಚಿ, ತೆಗೆಯಿರಿ. ಆಮೇಲೆ ಎರಡು, ಆಮೇಲೆ ಮೂರು. ನನಗೆ ಮೂರರಿಂದ ನಾಲ್ಕಕ್ಕೆ ಹೋಗಲು ಒಂಬತ್ತು ದಿನ ಬೇಕಾಯಿತು. ಒಳ್ಳೆಯ ಬೀಗಗಳಲ್ಲಿ ದಾರದ ರೀಲಿನಂತೆ ನಡು ಸಣ್ಣಗಿರುವ ಪಿನ್ನುಗಳಿರುತ್ತವೆ. ತೆರೆದೇಬಿಟ್ಟಿತು ಅನ್ನುವಷ್ಟು ಉರುಳೆ ತಿರುಗಿ ಅಲ್ಲೇ ನಿಂತುಬಿಡುತ್ತದೆ. ಅದು ಆಮೇಲಿನ ಮಾತು.

ಹಾಗೇ ಒಂದು ವಿನಂತಿ. ಬೀಗ ಬಿಗಿಯಾಯಿತು ಅಂತ ಕೊಬ್ಬರಿ ಎಣ್ಣೆ ಬಿಡಬೇಡಿ. ಧೂಳು ಸೇರಿ ಅಂಟಾಗುತ್ತದೆ. ಪೆನ್ಸಿಲ್ ಸೀಸದ ಪುಡಿ ಸಾಕು. ಇದನ್ನು ನಮ್ಮಜ್ಜಿ ಇನ್ನೂ ಒಪ್ಪಿಲ್ಲ.

ಬೀಗದ ಆಚೆಗಿನ ಮಾತು

ಎರಡು ತಿಂಗಳ ಹಿಂದೆ ನಮ್ಮ ಮಹಡಿಯಲ್ಲಿ ಒಂದು ಮೊಬೈಲ್ ಕಳುವಾಯಿತು. ಫೈನಲ್ ಇಯರ್ ಅಕ್ಕ ಒಬ್ಬರದ್ದು. ಪ್ಲೇಸ್‌ಮೆಂಟಿನ ಕರೆಗೆ ಕಾಯುತ್ತಿದ್ದರು. ರೂಮಿಗೆ ಬೀಗ ಹಾಕಿತ್ತು, ಬೀಗ ಹಾಗೇ ಇತ್ತು, ಮೊಬೈಲ್ ಇರಲಿಲ್ಲ. ಸಂಜೆಯ ಹೊತ್ತಿಗೆ ಮೆಸ್ಸಿನಲ್ಲಿ ನನ್ನ ಪಕ್ಕದ ಎರಡು ಕುರ್ಚಿ ಖಾಲಿಯಾಗಿದ್ದವು.

ರಾತ್ರಿ ವಾರ್ಡನ್ ಮೇಡಂ ಕರೆಸಿದರು. ‘ನಿನ್ ಹತ್ರ ಬೀಗ ತೆಗೆಯೋ ಸಾಮಾನಿದೆಯಂತಲ್ಲಮ್ಮ?’ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿದ್ದು. ಪೌಚು ತಂದು ಮೇಜಿನ ಮೇಲಿಟ್ಟೆ. ಇಟ್ಟ ಮೇಲೆ ನನಗೇ ಅದು ಕಳ್ಳನ ಸಾಮಾನಿನಂತೆ ಕಂಡಿತು. ನಾನು ತೆಗೆದಿಲ್ಲ ಅಂತ ಹೇಳಬಹುದಿತ್ತೇ ಹೊರತು ತೋರಿಸಿಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಕೀ ಇರುವ ಬೀಗವನ್ನು ಅಷ್ಟು ಜನರ ಮುಂದೆ ಬೇರೆ ದಾರಿಯಲ್ಲಿ ತೆರೆಯಲು ಹೋದವಳು ನಾನೇ ತಾನೆ.

ಆಗ ಬಾಗಿಲಲ್ಲಿ ನಿಂತಿದ್ದ ನನ್ನ ರೂಮ್‌ಮೇಟ್ ಒಳಗೆ ಬಂದಳು. ‘ಮೇಡಂ, ಇವಳಿಗೆ ಅವತ್ತು ನಮ್ಮ ರೂಮಿನ ಬೀಗಾನೇ ತೆಗೆಯೋಕೆ ಆಗ್ಲಿಲ್ಲ. ನನ್ನ ಪರೀಕ್ಷೆ ತಪ್ತಿತ್ತು. ಇವಳೇನು ಕದೀತಾಳೆ?’ ವಾರ್ಡನ್ ಮೇಡಂ ನಗು ತಡೆದುಕೊಂಡಿದ್ದು ನನಗೆ ಕಾಣಿಸಿತು. ನನ್ನ ಬಗ್ಗೆ ಯಾರೂ ಆಡಿದ ಅತ್ಯಂತ ಅವಮಾನದ ಮಾತು ಅದು, ಅಷ್ಟೇ ದೊಡ್ಡ ಉಪಕಾರವೂ ಅದೇ.

ಆ ಮೊಬೈಲ್ ಸಿಗಲಿಲ್ಲ. ಈಗಲೂ ನಾನು ಕಾರಿಡಾರಿನಲ್ಲಿ ಹೋದರೆ ಬಾಗಿಲು ಎಳೆದುಕೊಳ್ಳುವವರು ಇಬ್ಬರಿದ್ದಾರೆ. ಅವರನ್ನು ದೂರುವ ಹಾಗಿಲ್ಲ.

ಆಮೇಲೆ ಕೂತು ಕಾನೂನು ಓದಿದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 96ನೇ ಕಲಂ ಪ್ರಕಾರ, ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಸರಿಯಾದ ಕಾರಣವಿಲ್ಲದೆ ಮನೆಗೆ ಕನ್ನ ಹಾಕುವ ಸಲಕರಣೆ ಇಟ್ಟುಕೊಂಡು ಸಿಕ್ಕಿಬಿದ್ದರೆ ಅದೇ ಅಪರಾಧ. ಕದ್ದಿರಲೇಬೇಕು ಅಂತಿಲ್ಲ. ಸಂಜೆ ಏಳರ ಬಸ್ಸಿನಲ್ಲಿ ಬ್ಯಾಗು ತೆರೆಸಿದ ಪೊಲೀಸರಿಗೆ ‘ಸರ್, ಹವ್ಯಾಸ’ ಅಂತ ವಿವರಿಸುವ ಧೈರ್ಯ ನನಗಂತೂ ಇಲ್ಲ. ಓದುವ ಹುಡುಗರು ಒಂದು ಎಫ್‌ಐಆರ್ ಆದರೆ ಕೆಲಸಕ್ಕೆ ಸೇರುವಾಗಿನ ಪೊಲೀಸ್ ವೆರಿಫಿಕೇಶನ್ ನೆನೆಯಬೇಕು. ನನ್ನ ಸೆಟ್ ಈಗ ಊರಿನ ಮನೆಯಲ್ಲಿ ಅಪ್ಪನ ಬೀರುವಿನಲ್ಲಿದೆ. ಅದನ್ನು ಹಾಸ್ಟೆಲಿನಿಂದ ಊರಿಗೆ ಒಯ್ದಿದ್ದು ಹಗಲು ಬಸ್ಸಿನಲ್ಲಿ, ಅಪ್ಪನ ಜೊತೆ.

ನೆದರ್ಲೆಂಡ್ಸ್‌ನಲ್ಲಿ ಶುರುವಾದ ಟೂಲ್ ಎಂಬ ಲಾಕ್‌ಸ್ಪೋರ್ಟ್ ಸಂಘಟನೆಯವರು ಎಲ್ಲರಿಗೂ ಮೊದಲು ಹೇಳಿಕೊಡುವುದು ಎರಡು ನಿಯಮ. ನಿನ್ನದಲ್ಲದ ಬೀಗ ಒಡೆಯರ ಒಪ್ಪಿಗೆಯಿಲ್ಲದೆ ಮುಟ್ಟಬೇಡ. ಬಳಕೆಯಲ್ಲಿರುವ ಬೀಗ, ನಿನ್ನದೇ ಆದರೂ, ಮುಟ್ಟಬೇಡ. ನಾನು ಮೊದಲನೆಯದನ್ನು ಸಹಜವಾಗಿ ಒಪ್ಪಿದ್ದೆ, ಎರಡನೆಯದನ್ನು ಅತಿಯಾಯಿತು ಅಂತ ನಕ್ಕಿದ್ದೆ. ಪರೀಕ್ಷೆಯ ದಿನ ನಾನು ಮುರಿದಿದ್ದು ಎರಡನೆಯದನ್ನೇ.

‘ಇದನ್ನ ಕಲಿತು ಏನುಪಯೋಗ’ ಅಂತ ಅಪ್ಪ ಕೇಳುತ್ತಿರುತ್ತಾರೆ. ಅವರಿಗೆ 1851ರ ಕತೆ ಹೇಳಿದೆ. ಲಂಡನ್ನಿನಲ್ಲಿ ಜೋಸೆಫ್ ಬ್ರಾಮಾ ಅವರ ಅಂಗಡಿಯ ಕಿಟಕಿಯಲ್ಲಿ 1790ರಿಂದ ಒಂದು ಬೀಗ ನೇತುಹಾಕಿತ್ತು, ತೆರೆದವರಿಗೆ 200 ಗಿನಿ ಬಹುಮಾನ ಅಂತ ಬರೆದು. (ಹೈಡ್ರಾಲಿಕ್ ಪ್ರೆಸ್ ಕಂಡುಹಿಡಿದ ಬ್ರಾಮಾ ಅವರೇ, ನಮ್ಮ ಸಿಲಬಸ್ಸಿನಲ್ಲಿ ಬರುತ್ತಾರೆ.) ಅರವತ್ತು ವರ್ಷ ಯಾರೂ ತೆರೆದಿರಲಿಲ್ಲ. ಮಹಾ ಪ್ರದರ್ಶನಕ್ಕೆಂದು ಬಂದ ಅಮೆರಿಕದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ಕೂತು ತೆರೆದ. ಕಳ್ಳರಿಗೆ ದಾರಿ ತೋರಿಸಿದ ಅಂತ ಅವನನ್ನು ಬೈದವರಿದ್ದರು. ಕಳ್ಳರಿಗೆ ಇದು ನಮಗಿಂತ ಮೊದಲೇ ಗೊತ್ತು ಅನ್ನುವುದು ಅವನ ಪಕ್ಷದವರ ವಾದವಾಗಿತ್ತು. ಅಪ್ಪ ಎಲ್ಲ ಕೇಳಿ, ‘ಐವತ್ತೊಂದು ಗಂಟೆ ಓದಿದ್ರೆ ಎರಡು ಸಬ್ಜೆಕ್ಟ್ ಮುಗೀತಿತ್ತು’ ಅಂದರು.

ಕಳೆದ ತಿಂಗಳು ಇಂಟರ್ನ್‌ಶಿಪ್ ಒಂದರ ಸಂದರ್ಶನದಲ್ಲಿ ಹವ್ಯಾಸ ಏನು ಅಂತ ಕೇಳಿದರು. ಓದುವುದು, ಸಂಗೀತ ಕೇಳುವುದು ಅಂತ ರೆಸ್ಯೂಮಿನಲ್ಲಿ ಬರೆದಿದ್ದೆ. ಬಾಯಿಗೆ ಬೇರೆಯದೇ ಬಂತು. ಹಾಳೆಯ ಮೇಲೆ ಉರುಳೆ, ಪಿನ್ನು ಬಿಡಿಸಿ, ತೂತುಗಳು ಎಲ್ಲಿ ಆಚೀಚೆ ಆದರೆ ಏನಾಗುತ್ತದೆ ಅಂತ ಹದಿನೈದು ನಿಮಿಷ ಹೇಳಿದೆ. ಮೂವರಲ್ಲಿ ಒಬ್ಬರು ಬಹಳ ಆಸಕ್ತಿಯಿಂದ ಕೇಳಿದರು, ಇನ್ನೊಬ್ಬರು ಗಡಿಯಾರ ನೋಡಿದರು. ನನಗೆ ಆ ಇಂಟರ್ನ್‌ಶಿಪ್ ಸಿಗಲಿಲ್ಲ.

ಹೋದ ವಾರ ಊರಿಗೆ ಹೋದಾಗ ಹಿತ್ತಾಳೆ ಬೀಗವನ್ನು, ಐದೂ ಪಿನ್ನು ಹಾಕಿ, ಕೊಕ್ಕೆ ಒಂದರಲ್ಲೇ ತೆಗೆದೆ. ನಲವತ್ತು ನಿಮಿಷ. ಅಜ್ಜಿ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ತೆರೆದ ಬೀಗ ತೋರಿಸಿದರೆ, ‘ಕೀ ಎಲ್ಲಿ ಕಳೆದೆ?’ ಅಂದರು. ಪೆಟ್ಟಿಗೆಯ ಹಳೆಯ ಬೀಗ ಕಿಟಕಿಯ ಮೇಲೆ ಹಾಗೇ ಮುಚ್ಚಿಕೊಂಡು ಕೂತಿದೆ. ಲಿವರ್ ಬೀಗಕ್ಕೆ ಬೇರೆಯೇ ಥರದ ತಂತಿ ಬಗ್ಗಿಸಬೇಕು. ರಜೆ ಬರಲಿ, ಚಾಚಾ ಹತ್ತಿರ ಇನ್ನೊಮ್ಮೆ ಹೋಗುವುದಿದೆ.